ಗಂಟು ಒತ್ತಿ ನೋಡಲು ಕಲಿಯಲಿಕ್ಕೆ ಮೂರು ವರ್ಷ ಬೇಕಾ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲೇ ಓದಿದ್ದು. ಈಗ ಜನರಲ್ ಮೆಡಿಸಿನ್ ಎಂಡಿ ಕೊನೆಯ ವರ್ಷ. ಮುಂದೆ ರುಮಟಾಲಜಿ (ಗಂಟಿನ ಉರಿಯೂತ, ಮೈಯ ರಕ್ಷಣಾ ವ್ಯವಸ್ಥೆ ಮೈಮೇಲೆಯೇ ತಿರುಗಿಬೀಳುವ ಕಾಯಿಲೆಗಳ ವಿಭಾಗ) ಮಾಡಬೇಕು ಅಂತ ಆಸೆ. ಮನೆಯಲ್ಲಿ ಮಾತ್ರ "ಹಾರ್ಟ್, ಕಿಡ್ನಿ ಎಲ್ಲ ಬಿಟ್ಟು ಗಂಟುನೋವಿಗೆ ಮದ್ದು ಕೊಡುತ್ತೀಯಾ?" ಅನ್ನುತ್ತಾರೆ. ಇದಕ್ಕೆ ಎಷ್ಟು ವರ್ಷ? ಪರೀಕ್ಷೆ ಹೇಗೆ? ಒಳಗೆ ಏನು ಕಲಿಸುತ್ತಾರೆ? ಒಂದು ವರ್ಷದ ಫೆಲೋಶಿಪ್ ಸಾಕಾಗುವುದಿಲ್ಲವಾ? ಕಲಿತು ಕಾಸರಗೋಡಿಗೆ ವಾಪಸ್ ಬಂದರೆ ಕೆಲಸ ಇದೆಯಾ?

ಉತ್ತರ: ಮನೆಯವರ ಮಾತಿನಿಂದಲೇ ಶುರು ಮಾಡೋಣ. ನಾನು ಡಿಎಂ (ಎಂಡಿ ಆದ ಮೇಲಿನ ಸೂಪರ್ ಸ್ಪೆಷಾಲಿಟಿ ಪದವಿ) ಸೇರಿದಾಗ ನಮ್ಮ ಅಪ್ಪನೂ ಇದನ್ನೇ ಕೇಳಿದ್ದರು. "ಎಲುಬಿನ ಡಾಕ್ಟ್ರಾ?" ಅಲ್ಲ ಅಂದೆ. "ಮತ್ತೆ, ವಾತದ್ದಾ?" ಹೌದು ಅನ್ನಲೂ ಆಗಲಿಲ್ಲ, ಅಲ್ಲ ಅನ್ನಲೂ ಆಗಲಿಲ್ಲ. ಆಮೇಲೆ ಊರಿನಲ್ಲಿ ಯಾರಾದರೂ ಕೇಳಿದರೆ "ಅವ ಇನ್ನೂ ಓದುತ್ತಾ ಇದ್ದಾನೆ" ಅಂತ ಹೇಳಿ ಮುಗಿಸಿಬಿಡುತ್ತಿದ್ದರು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಗಂಟುನೋವು ಈ ಮನೆಯ ಮುಂದಿನ ಬಾಗಿಲು ಅಷ್ಟೇ. ಒಳಗೆ ಹೋದರೆ ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳಿಗೆ ಹೊಡೆಯುವ ಲೂಪಸ್ ಇದೆ, ಅದು ಕಿಡ್ನಿಗೆ ಹೋಗುತ್ತದೆ. ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮಾ ಇದೆ, ಅದು ಶ್ವಾಸಕೋಶ ಹಿಡಿಯುತ್ತದೆ. ರಕ್ತನಾಳ ಉರಿಯುವ ವ್ಯಾಸ್ಕುಲೈಟಿಸ್ ಇದೆ, ಅದು ಒಂದು ದಿನ ಪಾದ ಎತ್ತಲಾಗದ ಹಾಗೆ ಮಾಡಿ ನಿಮ್ಮ ಮುಂದೆ ಕೂರಿಸುತ್ತದೆ. ಹಾರ್ಟ್, ಕಿಡ್ನಿ ಬಿಟ್ಟು ಬರುತ್ತೇನೆ ಅಂತ ಅಂದುಕೊಂಡರೆ ಅವೆರಡೂ ಹಿಂದಿನ ಬಾಗಿಲಿನಿಂದ ಬಂದು ಕೂತಿರುತ್ತವೆ.

ಇನ್ನು ಲೆಕ್ಕ. ದೆಹಲಿ ಹತ್ತಿರದ ಹಳ್ಳಿಗಳಲ್ಲಿ ನಡೆಸಿ 1993ರಲ್ಲಿ ಪ್ರಕಟಿಸಿದ ಒಂದು ಸರ್ವೆ ಇದೆ. ಅದರಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ (ಗಂಟುಗಳು ಉರಿದು ಊದಿಕೊಂಡು ಹಾಳಾಗುವ ಕಾಯಿಲೆ) ಕಂಡದ್ದು ದೊಡ್ಡವರಲ್ಲಿ ಶೇಕಡ 0.75ರಷ್ಟು. ಕಾಸರಗೋಡು ಜಿಲ್ಲೆಯ ಜನಸಂಖ್ಯೆ 2011ರಲ್ಲೇ 13 ಲಕ್ಷ. ಮಕ್ಕಳನ್ನೆಲ್ಲ ಸೇರಿಸಿ ಬರೀ ಅರ್ಧ ಶೇಕಡ ಅಂತ ಹಿಡಿದರೂ ಆರೂವರೆ ಸಾವಿರ ಜನ ಆಯಿತು. ಇದು ಒಂದೇ ಕಾಯಿಲೆಯದ್ದು. ಮನೆಯವರಿಗೆ ಈ ಲೆಕ್ಕ ಹೇಳಿ ನೋಡಿ.

ಪರೀಕ್ಷೆಯ ವಿಷಯ ಬೇಗ ಮುಗಿಸುತ್ತೇನೆ, ಇದು ನಿಮಗೆ ಅರ್ಧ ಗೊತ್ತೇ ಇರುತ್ತದೆ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಡಿ ಮೂರು, ಅದರ ಮೇಲೆ ಡಿಎಂ ಮೂರು. ಜನರಲ್ ಮೆಡಿಸಿನ್ ಮಾಡಿದವರೂ ಬರಬಹುದು, ಮಕ್ಕಳ ವಿಭಾಗದಲ್ಲಿ ಎಂಡಿ ಮಾಡಿದವರೂ ಬರಬಹುದು. ಪದವಿಯ ಹೆಸರು ಹೆಚ್ಚಿನ ಕಡೆ 'ಕ್ಲಿನಿಕಲ್ ಇಮ್ಯುನಾಲಜಿ ಅಂಡ್ ರುಮಟಾಲಜಿ'. ಇದೇ ಮೂರು ವರ್ಷದ ಕಲಿಕೆಯನ್ನು ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಡಿಆರ್‌ಎನ್‌ಬಿ ಹೆಸರಿನಲ್ಲಿ ಮಾಡಬಹುದು. ಏಮ್ಸ್, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್ಮರ್‌ಗೆ ವರ್ಷಕ್ಕೆ ಎರಡು ಸಲ ಐಎನ್‌ಐ ಎಸ್‌ಎಸ್ ಪರೀಕ್ಷೆ ನಡೆಯುತ್ತದೆ. ಉಳಿದ ಹೆಚ್ಚಿನ ಕಡೆಗೆ ನೀಟ್ ಎಸ್‌ಎಸ್. ಇದು 2017ರಲ್ಲಿ ಶುರುವಾದದ್ದು. ಈಗಿನ ಕ್ರಮದಲ್ಲಿ ಪ್ರಶ್ನೆಗಳು ಬರುವುದು ನಿಮ್ಮ ಎಂಡಿ ವಿಷಯದಿಂದಲೇ. ಹಾಗಾಗಿ ರುಮಟಾಲಜಿಯ ದಪ್ಪ ಪುಸ್ತಕ ಈಗಲೇ ತೆಗೆದುಕೊಂಡು ಕೂರಬೇಡಿ. ಎಂಡಿ ಪರೀಕ್ಷೆಗೆ ಓದಿದ್ದೇ ಇದಕ್ಕೂ ಆಗುತ್ತದೆ.

ಈಗ ಒಳಗಿನ ವಿಷಯ. ನನಗೆ ಹೇಳಬೇಕಾದದ್ದು ಜಾಸ್ತಿ ಇರುವುದು ಇಲ್ಲೇ.

ಮೊದಲ ಆರು ತಿಂಗಳು ಕಲಿಯುವುದು ಹೆಬ್ಬೆರಳು. ತಮಾಷೆ ಅಲ್ಲ. ಮೈಯಲ್ಲಿ 28 ಗಂಟುಗಳ ಒಂದು ಪಟ್ಟಿ ಇದೆ: ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡು ಮಂಡಿ, ಉಳಿದ ಇಪ್ಪತ್ತೂ ಕೈಬೆರಳಿನವು. ಪ್ರತಿ ಪೇಶೆಂಟ್, ಪ್ರತಿ ಸಲ, ಇಪ್ಪತ್ತೆಂಟೂ ಒತ್ತಿ ನೋಡಬೇಕು. ಎಷ್ಟು ಒತ್ತಬೇಕು? ನಿಮ್ಮ ಹೆಬ್ಬೆರಳಿನ ಉಗುರಿನ ಕೆಳಗೆ ಬಿಳುಪೇರುವಷ್ಟು. ಅದಕ್ಕಿಂತ ಕಡಿಮೆ ಒತ್ತಿದರೆ ನೋವು ಗೊತ್ತಾಗದು. ಜಾಸ್ತಿ ಒತ್ತಿದರೆ ಯಾರಿಗಾದರೂ ನೋಯುತ್ತದೆ.

ನೋವು ಪೇಶೆಂಟ್ ಹೇಳುತ್ತಾರೆ. ಊತ ನೀವೇ ಹುಡುಕಬೇಕು. ಪುಸ್ತಕ ಓದಿದರೆ ಅದು ಸಿಗುವುದಿಲ್ಲ. ನಮ್ಮಲ್ಲಿ ಕಲಿಯಲು ಬರುವವರಿಗೆ ನಾನು ಅಡಕೆಯ ಲೆಕ್ಕದಲ್ಲಿ ಹೇಳುತ್ತೇನೆ. ಹಣ್ಣಡಕೆಯ ಸಿಪ್ಪೆ ಒತ್ತಿದರೆ ಒಂಚೂರು ಒಳಗೆ ಹೋಗಿ ಮತ್ತೆ ವಾಪಸ್ ಬರುತ್ತದಲ್ವಾ, ರುಮಟಾಯ್ಡ್‌ನಲ್ಲಿ ಬೆರಳಿನ ಬುಡದ ಗಂಟು ಹಾಗಿರುತ್ತದೆ. ವಯಸ್ಸಾದವರ ಬೆರಳ ತುದಿಯ ಗಂಟು ಒಣಗಿಸಿ ಸುಲಿದ ಚಾಲಿ ಅಡಕೆಯ ಹಾಗೆ, ಬರೀ ಗಟ್ಟಿ. ಅದು ಸವೆತ, ಬೇರೆಯೇ ಕಥೆ. ಈ ಎರಡರ ವ್ಯತ್ಯಾಸ ಕೈಗೆ ಗೊತ್ತಾದ ದಿನ ನೀವು ಬರೆಯುವ ಬ್ಲಡ್ ಟೆಸ್ಟ್‌ಗಳು ಅರ್ಧಕ್ಕೆ ಇಳಿಯುತ್ತವೆ. ಪೆರ್ಲದವರಿಗೆ ಈ ಹೋಲಿಕೆ ವಿವರಿಸಿ ಹೇಳಬೇಕಾಗಿಲ್ಲ. ಲಖನೌದಲ್ಲಿ ಹೇಳಿದರೆ ಯಾರಿಗೂ ಅರ್ಥವಾಗದು.

ಎರಡನೆಯದು ಮಾತು. 'ಮಾರ್ನಿಂಗ್ ಸ್ಟಿಫ್‌ನೆಸ್' ಎಷ್ಟು ಹೊತ್ತು ಅಂತ ಕೇಳಬೇಕು. ಅರ್ಧ ಗಂಟೆ ದಾಟಿದರೆ ಉರಿಯೂತದ ಅನುಮಾನ. ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತೀರಿ? ಪುಸ್ತಕದಲ್ಲಿ 'ಬಿಗಿತ' ಅಂತ ಇದೆ. ಒಪಿಡಿಯಲ್ಲಿ ಆ ಪದ ಹೇಳಿದರೆ ಅಜ್ಜಿ ನಿಮ್ಮ ಮುಖ ನೋಡುತ್ತಾರೆ. ನಮ್ಮಲ್ಲಿ "ಕೈ ಹಿಡಿದ ಹಾಗೆ ಆಗುತ್ತದೆ" ಅನ್ನುತ್ತಾರೆ. ತುಳುವಿನವರು "ಕಾಂಡೆ ಕೈ ಮಡಿಪೆರೆ ಆಪುಜಿ" ಅನ್ನುತ್ತಾರೆ. ಮಲಯಾಳದವರು 'ಕಡಚ್ಚಿಲ್' ಅಂದರೆ ಅದು ಗಂಟಿನ ಕಡೆಯ ನೋವು, 'ತರಿಪ್ಪ್' ಅಂದರೆ ಜೋಮು, ಅಂದರೆ ನರದ ಕಡೆ ಹೋಗಬೇಕು. ಏಳು ಭಾಷೆಯ ಊರು ಅಂತ ನಾವು ಭಾಷಣದಲ್ಲಿ ಹೇಳುತ್ತೇವಲ್ಲ, ಈ ವಿಭಾಗದಲ್ಲಿ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಸ್ಕ್ಯಾನ್ ಮಾಡಿ ಕಂಡುಹಿಡಿಯುವ ವಿಭಾಗದಲ್ಲಿ ಭಾಷೆ ಇಲ್ಲದಿದ್ದರೂ ದಿನ ಕಳೆಯಬಹುದು. ಇಲ್ಲಿ ಅರ್ಧ ರೋಗ ಮಾತಿನಲ್ಲೇ ಸಿಗುವುದು.

ಮಾತಿಗೂ ಸಿಗದಿದ್ದರೆ ಕೆಲಸದ ಬಗ್ಗೆ ಕೇಳಿ. ಬೀಡಿ ಕಟ್ಟುವ ಹೆಂಗಸರು ನನಗೆ ಯಾವ ಸ್ಕೋರಿಗಿಂತಲೂ ಸರಿಯಾದ ಲೆಕ್ಕ ಕೊಡುತ್ತಾರೆ. "ಮೊದಲು ದಿನಕ್ಕೆ ಏಳುನೂರು ಕಟ್ಟುತ್ತಿದ್ದೆ, ಈಗ ಇನ್ನೂರು ದಾಟುವುದಿಲ್ಲ." ಮೂರು ತಿಂಗಳು ಮದ್ದು ತೆಗೆದುಕೊಂಡ ಮೇಲೆ ಐನೂರಕ್ಕೆ ಬಂದಿತು ಅಂದರೆ ಮದ್ದು ಹಿಡಿಯಿತು ಅಂತ ಅರ್ಥ. ನಾನು ಕೇಸ್ ಶೀಟ್‌ನಲ್ಲಿ ಇಎಸ್‌ಆರ್ (ಉರಿಯೂತ ಅಳೆಯುವ ರಕ್ತಪರೀಕ್ಷೆ) ಪಕ್ಕದಲ್ಲೇ ಬೀಡಿ ಎಣಿಕೆಯನ್ನೂ ಬರೆಯುತ್ತೇನೆ. ಬೀಡಿ ಕೆಲಸ ಒಳ್ಳೆಯದಾ ಅಂತ ಕೇಳಬೇಡಿ, ಅದು ಬೇರೆ ಮಾತು.

ಮೂರನೆಯದು ಲ್ಯಾಬ್. ಎಎನ್‌ಎ ಪರೀಕ್ಷೆಯ, ಅಂದರೆ ಲೂಪಸ್ ಹುಡುಕುವ ರಕ್ತಪರೀಕ್ಷೆಯ, ಸ್ಲೈಡನ್ನು ಸ್ವಂತ ಕಣ್ಣಿನಿಂದ ನೋಡಿ ಕಲಿಯುವುದು ಮುಖ್ಯ. ಯಾಕೆ ಅಂದರೆ ಯಾವ ಕಾಯಿಲೆಯೂ ಇಲ್ಲದವರಲ್ಲೇ 1:40ರಲ್ಲಿ (ಸೀರಮ್ ಅನ್ನು ನಲವತ್ತು ಪಟ್ಟು ತೆಳು ಮಾಡಿ ನೋಡಿದಾಗ) ಹತ್ತಿರ ಹತ್ತಿರ ಮೂವತ್ತು ಶೇಕಡ ಜನರಿಗೆ ಅದು ಪಾಸಿಟಿವ್ ಬರುತ್ತದೆ. 1:80ಕ್ಕೆ ಹೋದರೂ ಹದಿಮೂರು ಶೇಕಡದಷ್ಟು. ಈ ಲೆಕ್ಕ ತಲೆಯಲ್ಲಿ ಇಲ್ಲದವರು ಪಾಪದ ಹುಡುಗಿಯರಿಗೆ "ಲೂಪಸ್ ಇದೆ" ಅಂತ ಹೇಳಿ ಮದುವೆ ಮಾತು ಮುರಿಸಿದ್ದನ್ನು ನೋಡಿದ್ದೇನೆ. ರುಮಟಾಯ್ಡ್‌ಗೆ ಮಾಡಿಸುವ ರುಮಟಾಯ್ಡ್ ಫ್ಯಾಕ್ಟರ್ ಪರೀಕ್ಷೆ ಕೂಡ ಹಾಗೆಯೇ. ವಯಸ್ಸಾದವರಲ್ಲಿ, ಹೆಪಟೈಟಿಸ್ ಸಿ ಇದ್ದವರಲ್ಲಿ ಸುಮ್ನೆ ಬರುತ್ತದೆ. ಮಂಡಿಯಿಂದ ತೆಗೆದ ನೀರನ್ನು ಪೋಲರೈಸ್ಡ್ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ಗೌಟ್‌ನ ಸೂಜಿ ಹರಳು ಹುಡುಕುವುದನ್ನೂ ಕಲಿಯಬೇಕು. ಮೊದಲ ಸಲ ಆ ಸೂಜಿ ಹಳದಿಯಾಗಿ ಹೊಳೆದಾಗ ನಾನು ಪಕ್ಕದ ರೂಮಿನವರನ್ನೆಲ್ಲ ಕರೆದು ತೋರಿಸಿದ್ದೆ.

ನಮ್ಮ ಊರಿಗೆ ಸೇರಿದ ಒಂದು ಪಾಠ ಚಿಕುನ್‌ಗುನ್ಯಾ. 2008-09ರ ಸುಮಾರಿಗೆ ದಕ್ಷಿಣ ಕನ್ನಡದಲ್ಲಿ, ಕಾಸರಗೋಡಿನಲ್ಲಿ ಅದು ಮನೆಮನೆಗೆ ಬಂದದ್ದು ನಿಮಗೆ ಸಣ್ಣ ವಯಸ್ಸಿನ ನೆನಪು ಇರಬಹುದು. ರಬ್ಬರ್ ಹಾಲಿನ ಚಿಪ್ಪಿನಲ್ಲಿ, ತೋಟದಲ್ಲಿ ಬಿದ್ದ ಅಡಕೆ ಹಾಳೆಯಲ್ಲಿ ನಿಂತ ನೀರು ಸೊಳ್ಳೆಗೆ ಸಾಕಿತ್ತು. ಜ್ವರ ನಾಲ್ಕು ದಿನಕ್ಕೆ ಹೋಯಿತು, ಗಂಟುನೋವು ಕೆಲವರಿಗೆ ವರ್ಷಗಟ್ಟಲೆ ಉಳಿಯಿತು. ತೊಂದರೆ ಏನೆಂದರೆ ಅದು ರುಮಟಾಯ್ಡ್‌ನ ವೇಷ ಹಾಕುತ್ತದೆ. ಎರಡೂ ಕೈ, ಸಣ್ಣ ಗಂಟುಗಳು, ಬೆಳಿಗ್ಗೆ ಹಿಡಿತ, ಆರು ವಾರಕ್ಕಿಂತ ಜಾಸ್ತಿ. 2010ರ ವರ್ಗೀಕರಣದ ಪಟ್ಟಿ ಇಟ್ಟು ಅಂಕ ಕೂಡಿಸಿದರೆ ರುಮಟಾಯ್ಡ್ ಅಂತಲೇ ಬಂದೀತು. ಆಗ ರುಮಟಾಯ್ಡ್‌ನಲ್ಲಿ ಹೆಚ್ಚಾಗಿ ಪಾಸಿಟಿವ್ ಬರುವ ಆಂಟಿ-ಸಿಸಿಪಿ ರಕ್ತಪರೀಕ್ಷೆ ನೋಡಬೇಕು, ಚಿಕುನ್‌ಗುನ್ಯಾದಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್. ಇನ್ನೊಂದು ಕಡೆಯಿಂದಲೂ ತಪ್ಪಾಗುತ್ತದೆ. ಆ ವರ್ಷಗಳ ನಂತರ ಗಂಟುನೋವು ಬಂದವರೆಲ್ಲ "ಚಿಕುನ್‌ಗುನ್ಯಾದ್ದು, ಹೋಗುತ್ತದೆ" ಅಂತ ಕೂತರು. ಅದರಲ್ಲಿ ಕೆಲವರದ್ದು ನಿಜವಾದ ರುಮಟಾಯ್ಡ್. ಅವರು ನನ್ನ ಹತ್ತಿರ ಬರುವಾಗ ಬೆರಳು ವಾಲಿ ಆಗಿತ್ತು.

ನಾಲ್ಕನೆಯದು ಮದ್ದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಮೊದಲ ಬಾರಿ ಒಬ್ಬ ರುಮಟಾಯ್ಡ್ ಪೇಶೆಂಟ್‌ಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಏಳಲಾಗದೆ ಮಲಗಿದ್ದವಳು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಮುಖ ಊದುವುದು, ಎಲುಬು ಟೊಳ್ಳಾಗುವುದು ಎಲ್ಲ ಆಮೇಲೆ ಗೊತ್ತಾಯಿತು. ನಮ್ಮ ಕಡೆ ಈಗಲೂ ಆ ಸಿನಿಮಾದ ಮೊದಲರ್ಧ ಮಾತ್ರ ಓಡುತ್ತಿದೆ. ಯಾರೋ ಕೊಟ್ಟ ಸಣ್ಣ ಬಿಳಿ ಸ್ಟೀರಾಯ್ಡ್ ಮಾತ್ರೆ, ಎರಡು ದಿನದಲ್ಲಿ ನೋವು ಮಾಯ, ಆಮೇಲೆ ವರ್ಷಗಟ್ಟಲೆ ಅದೇ. ನೀವು ಕಲಿಯುವುದು ಆ ಮಾತ್ರೆ ಕೊಡುವುದನ್ನಲ್ಲ, ಇಳಿಸುವುದನ್ನು. ರೋಗವನ್ನೇ ಹತೋಟಿಗೆ ತರುವ ಮದ್ದುಗಳಲ್ಲಿ ಮೆಥೊಟ್ರೆಕ್ಸೇಟ್ ಯಾರಿಗೆ, ಸಲ್ಫಸಲಜೀನ್ ಯಾರಿಗೆ, ಗರ್ಭಿಣಿಯಾಗುವ ಆಸೆ ಇದ್ದವರಿಗೆ ಯಾವುದನ್ನು ಎಷ್ಟು ಮೊದಲೇ ನಿಲ್ಲಿಸಬೇಕು, ಟಿಎನ್‌ಎಫ್ (ಉರಿಯೂತ ಹೆಚ್ಚಿಸುವ ಪ್ರೋಟೀನ್) ತಡೆಯುವ ಇಂಜೆಕ್ಷನ್ ಹಾಕುವ ಮೊದಲು ಅಡಗಿ ಕೂತ ಟಿಬಿಯನ್ನು ಹೇಗೆ ಹುಡುಕಬೇಕು, ಇದೆಲ್ಲ.

ಮೆಥೊಟ್ರೆಕ್ಸೇಟ್ ಹೆಸರು ಬಂತಲ್ಲ, ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಇದು ಯಾವ ಸಿಲೆಬಸ್‌ನಲ್ಲೂ ಇಲ್ಲ. ಈ ಮಾತ್ರೆ ವಾರಕ್ಕೆ ಒಂದೇ ಸಲ. ದಿನಾ ತೆಗೆದುಕೊಂಡರೆ ರಕ್ತ ತಯಾರಿಸುವ ಎಲುಬಿನ ಮಜ್ಜೆ ಕುಸಿದು ಪ್ರಾಣಕ್ಕೆ ಬರುತ್ತದೆ. ನಾನು ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದ ಕಾಲ. ಕಾಸರಗೋಡು ಕಡೆಯ ಒಬ್ಬರು ಅಮ್ಮನಿಗೆ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಅವರು ಊರಿನ ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ತೆಗೆದುಕೊಂಡರು. ಅಲ್ಲಿನ ಹುಡುಗ ಕವರಿನ ಮೇಲೆ ಸರಿಯಾಗಿಯೇ ಬರೆದಿದ್ದ: 'ಆಳ್ಚಯಿಲ್ ಒರಿಕ್ಕಲ್', ಅಂದರೆ ವಾರಕ್ಕೊಮ್ಮೆ. ಬರೆದದ್ದು ಮಲಯಾಳದಲ್ಲಿ. ಅಮ್ಮನಿಗೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ. ಹತ್ತು ದಿನ ಬಿಟ್ಟು ಬಾಯಿ ತುಂಬ ಹುಣ್ಣು ಮಾಡಿಕೊಂಡು ಬಂದರು. ಬಿಳಿ ರಕ್ತಕಣ ತಳ ಹಿಡಿದಿತ್ತು. ಅಡ್ಮಿಟ್ ಮಾಡಿ ಅದಕ್ಕೆ ಪ್ರತಿಮದ್ದಾದ ಫೋಲಿನಿಕ್ ಆಸಿಡ್ ಕೊಟ್ಟು, ಪುಣ್ಯಕ್ಕೆ ಉಳಿದರು. ಶಾಪ್‌ನವನ ತಪ್ಪಲ್ಲ, ಅಮ್ಮನದ್ದೂ ಅಲ್ಲ. ಎದುರು ಕೂತಿದ್ದಾಗ ಕನ್ನಡದಲ್ಲಿ ಒಂದು ಸಾಲು ಬರೆದುಕೊಡಬಹುದಿತ್ತು, ನಾನು ಬರೆಯಲಿಲ್ಲ.

ಆಮೇಲೆ ಹುಷಾರಾಗಿ "ಸೋಮವಾರ ಮಾತ್ರ" ಅಂತ ಬಾಯಲ್ಲೂ ಹೇಳಲು ಶುರು ಮಾಡಿದೆ, ಮಲಯಾಳದವರಿಗೆ 'ತಿಂಗಳಾಳ್ಚ' ಅಂತ. ನಮ್ಮ ನರ್ಸ್ ಒಬ್ಬರು ಅದನ್ನೇ ಒಬ್ಬ ಕನ್ನಡದ ಅಜ್ಜನಿಗೂ ಹೇಳಿದ್ದಾರೆ. ಅಜ್ಜ ಅದನ್ನು ತಿಂಗಳಿಗೊಮ್ಮೆ ಅಂತ ತಿಳಿದು ಮೂರು ತಿಂಗಳಲ್ಲಿ ಮೂರು ಸಲ ಮಾತ್ರೆ ತಿಂದು "ಮದ್ದು ಎಳ್ಳಷ್ಟೂ ಹಿಡಿಯಲಿಲ್ಲ ಡಾಕ್ಟ್ರೇ" ಅಂತ ಬಂದು ಕೂತರು. ಅಂದಿನಿಂದ ನಾನು ಬುಧವಾರಕ್ಕೆ ಬದಲಾಯಿಸಿದೆ. ಬುಧ ಕನ್ನಡದಲ್ಲೂ ಬುಧ, ತುಳುವಿನಲ್ಲೂ ಬುಧ, ಮಲಯಾಳದಲ್ಲೂ ಬುಧ.

ಈಗ ಫೆಲೋಶಿಪ್ ಪ್ರಶ್ನೆ. ಒಂದು, ಒಂದೂವರೆ ವರ್ಷದವು ಇವೆ, ಆನ್‌ಲೈನ್ ಸರ್ಟಿಫಿಕೇಟ್‌ಗಳೂ ಇವೆ. ಯುರೋಪಿನ ಯೂಲಾರ್ ಸಂಸ್ಥೆಯ ಆನ್‌ಲೈನ್ ಕೋರ್ಸ್ ವಿಷಯದ ಮಟ್ಟಿಗೆ ಚೆನ್ನಾಗಿದೆ. ಎಂಡಿ ಮುಗಿಸಿ ಫಿಸಿಶಿಯನ್ ಆಗಿ ಇದ್ದುಕೊಂಡೇ ಗಂಟಿನ ಕಾಯಿಲೆಗಳನ್ನು ಚೆನ್ನಾಗಿ ನೋಡಬೇಕು ಅನ್ನುವವರಿಗೆ ಇವು ಒಳ್ಳೆಯದು. ಆದರೆ ಡಿಎಂಗೆ ಸಮ ಅಲ್ಲ. ಬೋರ್ಡಿನ ಮೇಲೆ ಬರೆಯುವ ಹೆಸರಿಗಾಗಿ ಈ ಮಾತು ಹೇಳುತ್ತಿಲ್ಲ. ಮೂರು ವರ್ಷ ಇದ್ದರೆ ಒಬ್ಬಳು ಲೂಪಸ್ ಹುಡುಗಿ ಮೊದಲ ದಿನ ಜ್ವರದಲ್ಲಿ ಬರುವುದನ್ನು ನೋಡುತ್ತೀರಿ. ಆರು ತಿಂಗಳಿಗೆ ಕಿಡ್ನಿ ಬಯಾಪ್ಸಿ ಮಾಡಿಸುತ್ತೀರಿ. ಅವಳು ಮದ್ದು ಬಿಟ್ಟು ಮತ್ತೆ ಬರುತ್ತಾಳೆ, ಬಯ್ಯುತ್ತೀರಿ. ಎರಡನೇ ವರ್ಷ ಕೂದಲು ವಾಪಸ್ ಬರುತ್ತದೆ. ಮೂರನೇ ವರ್ಷ ಅವಳು ಮದುವೆ ಕಾಗದ ತರುತ್ತಾಳೆ. ಒಂದು ವರ್ಷದ ಕಲಿಕೆಯಲ್ಲಿ ಈ ಕಥೆಯ ಒಂದು ಅಂಕ ಮಾತ್ರ ಕಾಣುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಇದು ಒಬ್ಬರನ್ನೇ ಇಪ್ಪತ್ತು ವರ್ಷ ನೋಡುವ ಕೆಲಸ. ಅದೇ ಮುಖ ಮತ್ತೆ ಮತ್ತೆ ನೋಡಲು ಬೇಜಾರು ಅನ್ನುವ ಸ್ವಭಾವ ಇದ್ದರೆ ಬೇರೆ ವಿಭಾಗ ನೋಡಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಎಲ್ಲಿ ಸೇರಬೇಕು? ಲಖನೌದ ಎಸ್‌ಜಿಪಿಜಿಐ ಈ ವಿಷಯದಲ್ಲಿ ಹಳೆಯ ಹೆಸರು, ಲ್ಯಾಬ್ ಕಲಿಯಲು ಬಹಳ ಒಳ್ಳೆಯದು. ವೆಲ್ಲೂರಿನ ಸಿಎಂಸಿ, ಜಿಪ್ಮರ್, ಹೈದರಾಬಾದಿನ ನಿಮ್ಸ್, ಮದ್ರಾಸ್ ಮೆಡಿಕಲ್ ಕಾಲೇಜು, ಬೆಂಗಳೂರಿನ ಸೇಂಟ್ ಜಾನ್ಸ್, ಇವೆಲ್ಲ ನಮಗೆ ಹತ್ತಿರ. ಒಂದೊಂದು ಕಡೆ ಸೀಟು ಬೆರಳೆಣಿಕೆಯಷ್ಟೇ, ಹಾಗಾಗಿ ಆಯ್ಕೆ ಪೂರ್ತಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಕೈಯಲ್ಲಿ ಇದ್ದಷ್ಟರ ಮಟ್ಟಿಗೆ ಎರಡೇ ಪ್ರಶ್ನೆ ಕೇಳಿ. ಅಲ್ಲಿ ಈಗ ಎರಡನೇ ವರ್ಷದಲ್ಲಿ ಇರುವವರಿಗೆ ಫೋನ್ ಮಾಡಿ, "ಒಪಿಡಿಯಲ್ಲಿ ನೀವು ನೋಡಿದ ಗಂಟನ್ನು ಸೀನಿಯರ್ ಮತ್ತೆ ಒತ್ತಿ ನೋಡುತ್ತಾರಾ?" ಅಂತ ಕೇಳಿ. ಆಮೇಲೆ "ಅಲ್ಟ್ರಾಸೌಂಡ್ ಪ್ರೋಬ್ ನಿಮ್ಮ ಕೈಗೆ ಸಿಗುತ್ತದಾ?" ಅಂತ ಕೇಳಿ. ಎರಡಕ್ಕೂ ಹೌದು ಬಂದರೆ ಕಟ್ಟಡ ಹಳೆಯದಾಗಿದ್ದರೂ ಸೇರಿ. ಬಾಂಡ್ ಕಾಗದ (ಕಲಿತ ಮೇಲೆ ಇಷ್ಟು ಕಾಲ ಕೆಲಸ ಮಾಡಬೇಕು ಅನ್ನುವ ಕರಾರು) ಸಹಿ ಹಾಕುವ ಮೊದಲೇ ಓದಿ. ಎಲ್ಲರೂ ಹೇಳುತ್ತಾರೆ, ಯಾರೂ ಓದುವುದಿಲ್ಲ, ನಾನೂ ಓದಿರಲಿಲ್ಲ.

ಕೊನೆಯದು, ವಾಪಸ್ ಬರುವ ವಿಷಯ. ಕೆಲಸ ಇದೆಯಾ ಅಂತ ಕೇಳಿದಿರಿ. ಕೆಲಸ ಬೇಕಾದಷ್ಟು ಇದೆ. ಇಲ್ಲಿ ಕೊರತೆ ಇರುವುದು ಬೇರೆಯದರದ್ದು. ಒಳ್ಳೆಯ ಇಮ್ಯುನಾಲಜಿ ಲ್ಯಾಬ್ ಹತ್ತಿರ ಇರುವುದಿಲ್ಲ, ಸ್ಯಾಂಪಲ್ ಕಳಿಸಿ ಕಾಯಬೇಕು. ಇಂಜೆಕ್ಷನ್ ಡ್ರಿಪ್ ಹಾಕಲು ಡೇ ಕೇರ್ ಬೇಕು. ಟಿಎನ್‌ಎಫ್ ತಡೆಯುವಂಥ ಬಯಾಲಾಜಿಕ್ ಮದ್ದಿನ ಬೆಲೆ ಹೇಳಿದರೆ ಜನ ಎದ್ದು ಹೋಗುತ್ತಾರೆ, ನುಂಗುವ ಮಾತ್ರೆ ಟೋಫಾಸಿಟಿನಿಬ್ ಜೆನೆರಿಕ್ ಬಂದ ಮೇಲೆ ಸ್ವಲ್ಪ ಉಸಿರಾಡುವ ಹಾಗಾಗಿದೆ. ಮೊದಲ ಎರಡು ವರ್ಷ ನೀವು ಅರ್ಧ ದಿನ ಜನರಲ್ ಫಿಸಿಶಿಯನ್ ಆಗಿಯೇ ಇರಬೇಕಾಗಬಹುದು. ಗಡಿಯ ಎರಡೂ ಕಡೆ ನೋಡುವ ಯೋಚನೆ ಇದ್ದರೆ ಎರಡೂ ರಾಜ್ಯದ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಸರು ಇರಬೇಕು, ಅದಕ್ಕೆ ಮೊದಲೇ ಅರ್ಜಿ ಹಾಕಿ.

ಮಂಗಳೂರು ಹತ್ತಿರ ಇದೆಯಲ್ಲ, ಕಾಸರಗೋಡಿನಲ್ಲಿ ಯಾಕೆ ಬೇರೆ ಅಂತ ಕೇಳುವವರಿದ್ದಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮಂಗಳೂರು–ಕಾಸರಗೋಡು ನಡುವಿನ ತಲಪಾಡಿಯ ಗಡಿ ಮುಚ್ಚಿತು. ಹಲವು ಒಳದಾರಿಗಳಿಗೆ ಮಣ್ಣು ಬಿತ್ತು. ಅದೇ ವಾರ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊರೊನಾಕ್ಕೆ ಆಗುತ್ತದೆ ಅಂತ ಸುದ್ದಿಯಾಗಿ ಅಂಗಡಿಗಳಲ್ಲಿ ಖಾಲಿಯಾಯಿತು. ಅದು ನಮ್ಮ ಲೂಪಸ್ ಪೇಶೆಂಟ್‌ಗಳು ದಿನಾ ನುಂಗುವ ಮಾತ್ರೆ. ನಾನು ಗಡಿಯ ಕರ್ನಾಟಕದ ಕಡೆ, ಅವರು ಕಾಸರಗೋಡಿನ ಕಡೆ. ಫೋನಿನಲ್ಲಿ "ಕೈ ತೋರಿಸಿ" ಅಂದರೆ ಕ್ಯಾಮೆರಾದಲ್ಲಿ ಊತ ಕಾಣುವುದಿಲ್ಲ. ಹೇಳಿದೆನಲ್ಲ, ಅದು ಹೆಬ್ಬೆರಳಿಗೆ ಮಾತ್ರ ಗೊತ್ತಾಗುವುದು. ಉಪ್ಪಳದ ಒಬ್ಬ ಹೆಂಗಸು ಮಗನ ಕೈಯಲ್ಲಿ ತನ್ನ ಗಂಟು ಒತ್ತಿಸಿ ನನಗೆ ಫೋನಿನಲ್ಲಿ ವರದಿ ಕೊಟ್ಟರು. ಮಗ ಪಿಯುಸಿ ಹುಡುಗ. ಮೂರನೇ ಸಲಕ್ಕೆ ಅವನು ಸರಿಯಾಗಿಯೇ ಹೇಳುತ್ತಿದ್ದ.

ಪರೀಕ್ಷೆಗೆ ಇನ್ನೂ ಸಮಯ ಇದೆ. ಅಷ್ಟರೊಳಗೆ ನಿಮ್ಮ ವಾರ್ಡಿನಲ್ಲೇ ದಿನಕ್ಕೆ ಇಬ್ಬರಂತೆ ಇಪ್ಪತ್ತೆಂಟು ಗಂಟು ಒತ್ತಿ ಬರೆದಿಡಿ. ಕಾಯಿಲೆ ಇಲ್ಲದವರದ್ದೂ ಒತ್ತಿ, ಸರಿ ಇದ್ದ ಗಂಟು ಹೇಗಿರುತ್ತದೆ ಅಂತ ಗೊತ್ತಿರಬೇಕಲ್ಲ. ಊರಿಗೆ ಬಂದಾಗ ಒಂದು ದಿನ ನನ್ನ ಒಪಿಡಿಗೆ ಬಂದು ಕೂರಬಹುದು. ಹತ್ತೂವರೆಗೆ ಬರಬೇಡಿ, ಅಷ್ಟು ಹೊತ್ತಿಗೆ ಎಲ್ಲರ ಕೈ ಸಡಿಲವಾಗಿರುತ್ತದೆ. ಎಂಟಕ್ಕೆ ಬನ್ನಿ. ಮೊದಲ ಬಸ್ಸಿಗೆ ಬಂದು ಬೆಂಚಿನಲ್ಲಿ ಕೂತವರು ಟೋಕನ್ ಚೀಟಿಯನ್ನು ಬೆರಳಲ್ಲಿ ಹಿಡಿಯಲಾಗದೆ ಎರಡು ಅಂಗೈ ನಡುವೆ ಇಟ್ಟುಕೊಂಡಿರುತ್ತಾರೆ.